ಮೂರೂವರೆ ಗಂಟೆ ಮುಂದಿರುವ ಕ್ಯಾಮೆರಾ

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಸುದ್ದಿ ಛಾಯಾಗ್ರಾಹಕರೊಬ್ಬರು ತಮ್ಮದೇ ಹಳೆಯ ಚಿತ್ರಗಳಲ್ಲಿ ಗಡಿಯಾರ ಹುಡುಕುತ್ತಿದ್ದಾರೆ.

ಎರಡು ಪೆಟ್ಟಿಗೆಗಳ ಮೇಲೆ ಹಾಕಿದ ಹಲಗೆಯೇ ಮೇಜು. ಅದರ ಮೇಲೊಂದು ಮೂಲೆ ಒಡೆದ ಲ್ಯಾಪ್‌ಟಾಪ್. ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಅವರು ಇವರ ತಾಯಿಯಲ್ಲ, ಅತ್ತೆಯೂ ಅಲ್ಲ. ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಗೆ ಕಳೆದ ವರ್ಷ ಬೆಂಕಿ ಬಿದ್ದಾಗ ಸತ್ತ ಹದಿನಾಲ್ಕು ಮಂದಿಯಲ್ಲಿ ಒಬ್ಬಳು ಅವರ ಮಗಳು.

"ಗೋಡೆ ಮೇಲೆ ದುಂಡಗೆ ಕಾಣ್ತಿದೆಯಲ್ಲ, ಏನದು?"

"ತಟ್ಟೆ ಅಮ್ಮಾ."

"ತಟ್ಟೇನ ಯಾಕಪ್ಪಾ ಗೋಡೆಗೆ ಹೊಡೀತಾರೆ?"

"ದುಡ್ಡಿರೋರ ಮನೆ."

ಹೆಂಗಸು ತಲೆಯಾಡಿಸುತ್ತಾರೆ. ಮುಂದಿನ ಚಿತ್ರ ಬರುತ್ತದೆ. ದಿನಕ್ಕೆ ಇನ್ನೂರೈವತ್ತು ಚಿತ್ರ ನೋಡಬೇಕೆಂಬ ಲೆಕ್ಕ. ಏಳೂವರೆಗೆ ಇವರು ಪತ್ರಿಕೆಯ ಕೆಲಸಕ್ಕೆ ಹೊರಡಬೇಕು, ಅವರು ಮೂರು ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗಬೇಕು. ನ್ಯಾಯಾಲಯದ ಮುಂದಿನ ವಿಚಾರಣೆಗೆ ಹನ್ನೊಂದು ದಿನ ಉಳಿದಿದೆ.

ಪತ್ರಿಕೆಯ ಕಚೇರಿಯಲ್ಲಿ ಇವರನ್ನು ಎಲ್ಲರೂ ಪರದೇಶಿ ಎಂದೇ ಕರೆಯುವುದು. ಮೊದಮೊದಲು ಅದು ಬೆನ್ನ ಹಿಂದಿನ ಮಾತಾಗಿತ್ತು. ಈಗ ಇವರೇ ಫೋನಿನಲ್ಲಿ "ನಾನು ಪರದೇಶಿ ಮಾತಾಡ್ತಿರೋದು" ಅನ್ನುತ್ತಾರೆ. ತಮ್ಮ ದೇಶದಲ್ಲಿ ಒಂದು ದಿನಪತ್ರಿಕೆಯ ಮುಖ್ಯ ಛಾಯಾಗ್ರಾಹಕರಾಗಿದ್ದರು. ಆ ಪತ್ರಿಕೆಯ ಮುದ್ರಣಾಲಯಕ್ಕೆ ಬೀಗ ಮುದ್ರೆ ಬಿದ್ದ ವಾರ, ಒಂದು ಚೀಲ ಮತ್ತು ಹೆಂಡತಿಯೊಂದಿಗೆ ಗಡಿ ದಾಟಿದರು. ಹನ್ನೊಂದು ವರ್ಷವಾಯಿತು. ಮೊದಲ ಎರಡು ವರ್ಷ ಸ್ಟುಡಿಯೋ ಒಂದರಲ್ಲಿ ಗುರುತಿನ ಚೀಟಿಯ ಫೋಟೋ ತೆಗೆದರು. "ಗದ್ದ ಮೇಲೆ, ಕಣ್ಣು ಮುಚ್ಚಬೇಡಿ. ಈ ಭಾಷೇಲಿ ನಾನು ಮೊದಲು ಕಲಿತಿದ್ದು ಇಷ್ಟೇ," ಎನ್ನುತ್ತಾರೆ.

ಒಂಬತ್ತು ವರ್ಷಗಳಿಂದ ಇಲ್ಲಿನ ಪತ್ರಿಕೆಗೆ ಚಿತ್ರ ಕೊಡುತ್ತಿದ್ದಾರೆ. ಅಪಘಾತ, ಒಡೆದ ನೀರಿನ ಕೊಳವೆ, ಶಾಲೆ ಬಹುಮಾನ, ಮಂತ್ರಿಗಳ ಭೇಟಿ. ಅಚ್ಚಾದ ಚಿತ್ರಗಳು ನಾಲ್ಕು ಸಾವಿರದ ಮುನ್ನೂರು. ಹೆಸರಿನೊಂದಿಗೆ ಅಚ್ಚಾದದ್ದು ಒಂದೂ ಇಲ್ಲ. ಕೆಳಗೆ ಸಣ್ಣಕ್ಷರದಲ್ಲಿ 'ಪತ್ರಿಕೆ ಚಿತ್ರ' ಎಂದಿರುತ್ತದೆ. ಪತ್ರಿಕೆಯ ಪಟ್ಟಿಯಲ್ಲಿ ಇವರು ನೌಕರರಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಿಸುವ ವಾಸದ ಪರವಾನಗಿಯಲ್ಲಿ ವೃತ್ತಿ 'ಇತರೆ'.

ಕೆಲಸದಲ್ಲಿ ಇವರದು ಒಂದು ಪಟ್ಟು. ಕೇಳದೆ ಯಾರ ಮುಖವನ್ನೂ ತೆಗೆಯುವುದಿಲ್ಲ. ಅಪಘಾತದ ಜಾಗದಲ್ಲೂ ಮೊದಲು ಹತ್ತಿರ ಹೋಗಿ "ತೆಗೆಯಲಾ?" ಎನ್ನುತ್ತಾರೆ. ಬೇಡ ಎಂದರೆ ಚಪ್ಪಲಿಯನ್ನೋ, ಮುರಿದ ಗಾಜನ್ನೋ ತೆಗೆದು ವಾಪಸಾಗುತ್ತಾರೆ. ಸುದ್ದಿ ಸಂಪಾದಕರು ಇದಕ್ಕಾಗಿ ಎಷ್ಟೋ ಸಲ ಬೈದಿದ್ದಾರೆ. ಬೇರೆ ಪತ್ರಿಕೆಯಲ್ಲಿ ಅಳುವ ಮುಖ, ನಮ್ಮಲ್ಲಿ ಚಪ್ಪಲಿ ಎಂದು ಕಚೇರಿಯಲ್ಲಿ ನಗುತ್ತಾರೆ.

ಕಾರಣ ಹಳೆಯದು. ಇವರಿಗೆ ಒಂಬತ್ತು ವರ್ಷವಿದ್ದಾಗ ತಂದೆ ಗುಂಡೇಟಿಗೆ ಸತ್ತರು. ಹೆಣದ ಮೇಲೆ ಬಿದ್ದು ಅಳುತ್ತಿದ್ದ ತಾಯಿಯನ್ನು ಯಾರೋ ಕ್ಲಿಕ್ಕಿಸಿದರು. ಸೆರಗು ಜಾರಿದ, ಬಾಯಿ ತೆರೆದ ಆ ಚಿತ್ರ ಹತ್ತಾರು ದೇಶಗಳಲ್ಲಿ ಅಚ್ಚಾಯಿತು. "ಅಮ್ಮ ಆಮೇಲೆ ಮೂವತ್ತು ವರ್ಷ ಬದುಕಿದ್ಲು. ಯಾವ ಫೋಟೋಗೂ ನಿಲ್ಲಲಿಲ್ಲ. ನಾನು ಕ್ಯಾಮೆರಾ ಹಿಡಿದಾಗ ಒಂದೇ ಮಾತು ಹೇಳಿದ್ಲು, ಕೇಳಿ ತೆಗಿ ಅಂತ."

ಆ ತಾಯಿ ಊರಿನಲ್ಲೇ ಉಳಿದರು. ಅಲ್ಲಿನ ಗಡಿಯಾರ ಇಲ್ಲಿಗಿಂತ ಮೂರೂವರೆ ಗಂಟೆ ಮುಂದು. ಅಮ್ಮನಿಗೆ ಫೋನ್ ಮಾಡುವ ಹೊತ್ತು ತಪ್ಪಬಾರದೆಂದು ಕ್ಯಾಮೆರಾದ ಸಮಯವನ್ನು ಇವರು ಬದಲಿಸಲೇ ಇಲ್ಲ. ಕೆಲಸದ ನಡುವೆ ಪರದೆ ನೋಡಿದರೆ ಸಾಕು, ಅಮ್ಮ ಎದ್ದಿದ್ದಾಳೆ, ಊಟಕ್ಕೆ ಕೂತಿದ್ದಾಳೆ, ಮಲಗಿದ್ದಾಳೆ ಎಂದು ತಿಳಿಯುತ್ತಿತ್ತು. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡರು. ನವೀಕರಣಕ್ಕೆ ಕೊಟ್ಟ ಪರವಾನಗಿ ಕೈಗೆ ಬಂದಿರದ ಕಾರಣ ಇವರಿಗೆ ಈ ದೇಶ ಬಿಡಲಾಗಲಿಲ್ಲ. ಕ್ಯಾಮೆರಾದ ಗಡಿಯಾರ ಹಾಗೇ ಉಳಿಯಿತು.

ಕಾರ್ಖಾನೆಯ ಬೆಂಕಿ ಹೊತ್ತಿಕೊಂಡಿದ್ದು ರಾತ್ರಿ ಪಾಳಿ ಮುಗಿಯಲು ಅರ್ಧ ಗಂಟೆ ಇದ್ದಾಗ. ಆ ದಾರಿಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಪರದೇಶಿ ಆರು ಗಂಟೆ ಹತ್ತು ನಿಮಿಷಕ್ಕೆ ಹಿಂಬದಿಯ ಗೇಟಿನ ಮುಂದಿದ್ದರು. ಗೇಟಿಗೆ ಹೊರಗಿನಿಂದ ಸರಪಳಿ ಸುತ್ತಿ ಬೀಗ ಹಾಕಿತ್ತು. ಕೆಲಸಗಾರರು ಬೇಗ ಹೊರಡದಿರಲೆಂದು ದಿನಾ ಹಾಗೆ ಹಾಕುತ್ತಿದ್ದರಂತೆ. ಇವರು ಒಂದು ಚಿತ್ರ ತೆಗೆದರು. ಬೀಗ, ಸರಪಳಿ, ಹಿಂದೆ ಹೊಗೆ. ಆಮೇಲೆ ಕ್ಯಾಮೆರಾವನ್ನು ನೆಲಕ್ಕಿಟ್ಟು, ನಿಂತಿದ್ದ ಲಾರಿಯಿಂದ ಜಾಕ್ ರಾಡು ತಂದು ಬೀಗಕ್ಕೆ ಹೊಡೆಯತೊಡಗಿದರು. ಅದು ಮುರಿಯಲು ಹದಿನೈದು ನಿಮಿಷ ಹಿಡಿಯಿತು. ಹನ್ನೊಂದು ಮಂದಿ ಹೊರಬಂದರು. ಇವರು ಅವರೊಂದಿಗೆ ಆಸ್ಪತ್ರೆಗೆ ಹೋದರು. ಚಿತ್ರವನ್ನು ಪತ್ರಿಕೆಗೆ ಕಳಿಸಿದಾಗ ಹನ್ನೊಂದು ಗಂಟೆಯಾಗಿತ್ತು.

ಕಾರ್ಖಾನೆಯವರ ವಾದ ಸರಳ. ಬೆಂಕಿಯ ಹೊತ್ತಿನಲ್ಲಿ ಗೇಟಿಗೆ ಬೀಗವೇ ಇರಲಿಲ್ಲ. ನೂಕುನುಗ್ಗಲಿನಲ್ಲಿ ಗೇಟು ಸಿಕ್ಕಿಕೊಂಡಿತು, ಅಷ್ಟೆ. ಜನ ಒಳಗೆ ನುಗ್ಗದಿರಲೆಂದು ಬೀಗ ಹಾಕಿದ್ದು ಬೆಳಿಗ್ಗೆ ಒಂಬತ್ತೂವರೆಗೆ. ಚಿತ್ರದಲ್ಲಿರುವುದು ಆ ಬೀಗ. ಚಿತ್ರದ ಕಡತದಲ್ಲಿ ಕ್ಯಾಮೆರಾ ತಾನೇ ದಾಖಲಿಸಿದ ಮಾಹಿತಿ ಕೂಡ ಅದನ್ನೇ ಹೇಳುತ್ತದೆ: ತೆಗೆದ ಸಮಯ ಒಂಬತ್ತು ನಲವತ್ತು.

ಮುರಿದ ಬೀಗ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಬದುಕಿ ಬಂದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿ ಅದೇ ಕಂಪನಿಯ ಇನ್ನೊಂದು ಘಟಕದಲ್ಲಿ ಕೆಲಸದಲ್ಲಿದ್ದಾರೆ, ಏನೂ ನೋಡಲಿಲ್ಲ ಎಂದಿದ್ದಾರೆ. ಉಳಿದ ಮೂವರನ್ನು ಕಾರ್ಖಾನೆಯ ವಕೀಲರು ಕೇಳಿದ್ದು, ಅಷ್ಟು ಹೊಗೆಯಲ್ಲಿ ಹೊರಗಿನ ಬೀಗ ಹೇಗೆ ಕಂಡಿತು ಎಂದು. ಸತ್ತವರ ಕಡೆಗೆ ಉಳಿದಿರುವುದು ಈ ಒಂದು ಚಿತ್ರ. ಕ್ಯಾಮೆರಾ ಮೊದಲಿನಿಂದಲೂ ಮೂರೂವರೆ ಗಂಟೆ ಮುಂದಿತ್ತು ಎಂಬುದಕ್ಕೆ ಆಧಾರ ಕೊಡಿ ಎಂದು ನ್ಯಾಯಾಧೀಶರು ಹೇಳಿದ್ದಾರೆ. ಬೆಂಕಿಗೆ ಮುಂಚೆಯೇ ಪತ್ರಿಕೆಯಲ್ಲಿ ಅಚ್ಚಾದ ಚಿತ್ರವಾಗಿರಬೇಕು, ಅದರಲ್ಲಿ ನಂಬಬಹುದಾದ ಗಡಿಯಾರವೊಂದು ಕಾಣಬೇಕು.

ಅದಕ್ಕೇ ಈ ಹುಡುಕಾಟ. ಬೆಂಕಿಯ ಹಿಂದಿನ ದಿನದಿಂದ ಹಿಂದಕ್ಕೆ ಹೋಗುತ್ತಿದ್ದಾರೆ. ಈವರೆಗೆ ಸಿಕ್ಕ ಗಡಿಯಾರಗಳು ಮೂರು. ಶಾಲೆಯದು ನಿಂತೇ ಹೋಗಿದೆ. ಹೋಟೆಲಿನದನ್ನು ಗಿರಾಕಿಗಳು ಬೇಗ ಏಳಲೆಂದು ಮಾಲೀಕ ಇಪ್ಪತ್ತು ನಿಮಿಷ ಮುಂದಿಟ್ಟಿದ್ದಾನೆ. ಬ್ಯಾಂಕಿನದರ ನಿಮಿಷದ ಮುಳ್ಳಿನ ಮೇಲೆ ಸರಿಯಾಗಿ ಫ್ಲಾಶ್ ಬೆಳಕು ಬಿದ್ದಿದೆ.

ಹೆಂಡತಿ ಆಸ್ಪತ್ರೆಯೊಂದರಲ್ಲಿ ಆಯಾ. ಪಾಳಿಗೆ ಹೊರಡುವ ಮುಂಚೆ ಇಬ್ಬರ ಮುಂದೆಯೂ ಚಹಾ ಇಡುತ್ತಾರೆ. "ಲೋಕದ ಗಡಿಯಾರಾನೆಲ್ಲ ನೋಡ್ತಾರೆ ಕಣಮ್ಮಾ. ಮನೇದು ನಿಂತು ನಾಲ್ಕು ತಿಂಗಳಾಯ್ತು, ಒಂದು ಸೆಲ್ ಹಾಕಿ ಅಂದ್ರೆ ಕಿವಿ ಕೇಳಲ್ಲ." ಪರದೇಶಿ ತಲೆ ಎತ್ತದೆ, "ಅದು ಸಾಕ್ಷಿಗೆ ಬರಲ್ಲ ಕಣೇ" ಎನ್ನುತ್ತಾರೆ. ಮೂವರೂ ಸ್ವಲ್ಪ ನಗುತ್ತಾರೆ.

ಹೆಂಡತಿ ಪಾಳಿಗೆ ಹೊರಡುತ್ತಾರೆ. ಹತ್ತು ಹದಿನೈದು ಚಿತ್ರಗಳಾದ ಮೇಲೆ ಹೆಂಗಸು ಪರದೆಯಿಂದ ಕಣ್ಣು ತೆಗೆಯದೆ ಕೇಳುತ್ತಾರೆ. ದಿನವೂ ಬರುತ್ತಿದ್ದರೂ ಇದನ್ನು ಅವರು ಕೇಳಿದ್ದು ಇದೇ ಮೊದಲು.

"ಆವತ್ತು ಗೇಟಿನ ಸಂದೀಲಿ ಕೈಗಳು ಕಾಣ್ತಿದ್ವಾ?"

"ಕಾಣ್ತಿದ್ವು ಅಮ್ಮಾ."

"ಫೋಟೋದಲ್ಲಿ ಆ ಕೈ ಬಿದ್ದಿದ್ರೆ ಬೆಂಕಿ ಹೊತ್ತಿಂದೇ ಅಂತ ಕುರುಡನಿಗೂ ಗೊತ್ತಾಗ್ತಿತ್ತು. ಯಾಕಪ್ಪಾ ತೆಗೀಲಿಲ್ಲ?"

ಪರದೇಶಿ ಲ್ಯಾಪ್‌ಟಾಪಿನಿಂದ ಕೈ ತೆಗೆಯುತ್ತಾರೆ. "ಕೇಳೋಕಾಗಲಿಲ್ಲ," ಎನ್ನುತ್ತಾರೆ. "ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ತಿರುಗಿಸಿದೆ. ಕೈ ಅಭ್ಯಾಸ."

ಹೆಂಗಸು ಕನ್ನಡಕ ತೆಗೆದು ಮತ್ತೆ ಒರೆಸುತ್ತಾರೆ. "ಅವಳ ಬಲಗೈಲಿ ಹಸಿರು ಬಳೆ ಇತ್ತು," ಎನ್ನುತ್ತಾರೆ. ಆಮೇಲೆ, "ಮುಂದಿಂದು ಹಾಕು."

ಇಷ್ಟೆಲ್ಲ ಆದ ಮೇಲೆ ನಿಮಗೆ ಏನು ಬೇಕು ಎಂದು ಕೇಳಿದರೆ ಪರದೇಶಿ ಪತ್ರಿಕೆಯಲ್ಲಿ ಹೆಸರು ಬೇಕೆನ್ನುವುದಿಲ್ಲ, ಪರವಾನಗಿಯ ಮಾತನ್ನೂ ಎತ್ತುವುದಿಲ್ಲ. "ಬೀಗ ಆರು ಹತ್ತಕ್ಕೆ ಇತ್ತು ಅಂತ ಯಾರಾದ್ರೂ ಒಂದು ಕಡೆ ಬರೆದಿಟ್ರೆ ಸಾಕು. ನಾನು ನೋಡಿದ್ದೀನಿ. ನಾನೊಬ್ಬನೇ ನೋಡಿದ ಹಾಗೆ ಆಗಬಾರದು."

ವಿಚಾರಣೆಗೆ ನಾಲ್ಕು ದಿನವಿದ್ದಾಗ ಗಡಿಯಾರ ಸಿಕ್ಕಿತು. ಬೆಂಕಿಗೆ ಏಳು ತಿಂಗಳ ಮುಂಚಿನ ಚಿತ್ರ. ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರಂ, ಸಾಮಾನಿನ ಮೇಲೆ ಕೂತ ಜನ, ಅವರ ತಲೆಯ ಮೇಲೆ ಎರಡು ಮುಖದ ದೊಡ್ಡ ಗಡಿಯಾರ. ಅದರಲ್ಲಿ ಏಳು ಗಂಟೆ ಐದು ನಿಮಿಷ. ಚಿತ್ರದ ಕಡತದಲ್ಲಿ ಹತ್ತು ಮೂವತ್ತೈದು. ಮರುದಿನದ ಪತ್ರಿಕೆಯ ಮೂರನೇ ಪುಟದಲ್ಲಿ ಅದು ಅಚ್ಚಾಗಿತ್ತು. ಗಡಿಯಾರವನ್ನು ಮೊದಲು ಕಂಡದ್ದು ಹೆಂಗಸು. ಪರದೆಗೆ ಬೆರಳಿಟ್ಟು, ಅದು ತಟ್ಟೆಯಲ್ಲ ತಾನೇ ಎಂದು ಕೇಳಿದರಂತೆ.

ವಿಚಾರಣೆಯ ದಿನ ಕಾರ್ಖಾನೆಯ ವಕೀಲರು ನಿಲ್ದಾಣದ ದುರಸ್ತಿ ಪುಸ್ತಕದ ಪ್ರತಿಯೊಂದನ್ನು ಮುಂದಿಟ್ಟರು. ಆ ತಿಂಗಳಿಡೀ ಒಂದನೇ ಪ್ಲಾಟ್‌ಫಾರಂನ ಗಡಿಯಾರ ಕೆಟ್ಟಿತ್ತು ಎಂದು ಅದರಲ್ಲಿತ್ತು. ಅದು ಚೆನ್ನಾಗಿಯೇ ನಡೆಯುತ್ತಿತ್ತು, ಪುಸ್ತಕದಲ್ಲಿನ ಹಳೆಯ ನಮೂದನ್ನು ಹೊಡೆದುಹಾಕಲು ಮರೆತಿದ್ದೇವೆ ಎಂದು ನಿಲ್ದಾಣದ ಗುಮಾಸ್ತರೊಬ್ಬರು ಹೊರಗೆ ಹೇಳಿದರು. ಒಳಗೆ ಬಂದು ಹೇಳಲು ಒಪ್ಪಲಿಲ್ಲ. ರೈಲಿನ ಸಮಯದಿಂದಲೂ ಏನೂ ತಿಳಿಯುವಂತಿರಲಿಲ್ಲ. ಚಿತ್ರದಲ್ಲಿನ ಜನ ಕಾಯುತ್ತಿದ್ದದ್ದೇ ರೈಲು ತಡವಾಗಿದ್ದಕ್ಕೆ. ಚಿತ್ರದ ಸಮಯಕ್ಕೆ ಖಚಿತ ಆಧಾರವಿಲ್ಲ ಎಂದು ನ್ಯಾಯಾಲಯ ಬರೆಯಿತು. ಮೂರು ವಾರಗಳ ನಂತರ ಬಂದ ತೀರ್ಪಿನಲ್ಲಿ ಹದಿನಾಲ್ಕು ಸಾವುಗಳನ್ನು ಆಕಸ್ಮಿಕ ಎನ್ನಲಾಗಿದೆ.

ಆ ಸಂಜೆ ಪರದೇಶಿ ಕ್ಯಾಮೆರಾದ ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿದ್ದನ್ನು ಹೆಂಡತಿ ನೋಡಿದರು. ಹೆಂಗಸು ಮರುದಿನವೂ ಐದು ಗಂಟೆಗೆ ಬಂದರು. ನೋಡಲು ಚಿತ್ರಗಳಿರಲಿಲ್ಲ. ಚಹಾ ಕುಡಿದು ಹೋದರು.

ಎರಡು ತಿಂಗಳ ಮೇಲೆ ಕಾರ್ಖಾನೆ ಮತ್ತೆ ತೆರೆಯಿತು. ಪತ್ರಿಕೆ ಪರದೇಶಿಯನ್ನೇ ಕಳಿಸಿತು. ರಿಬ್ಬನ್ ಕಟ್ಟಿದ ಗೇಟಿನ ಮುಂದೆ ಮಾಲೀಕರು ನಿಂತಿದ್ದರು. ಇವರು ಹತ್ತಿರ ಹೋಗಿ, ತೆಗೆಯಲಾ ಎಂದು ಕೇಳಿದರು. ಅವರು ಒಪ್ಪಿದರು. ಚಿತ್ರದ ಕಡತದಲ್ಲಿರುವ ಸಮಯ ಬೆಳಿಗ್ಗೆ ಏಳು ಗಂಟೆ ಎರಡು ನಿಮಿಷ, ಇಲ್ಲಿನ ಗಡಿಯಾರಗಳಲ್ಲೂ ಆಗ ಅಷ್ಟೇ. ಮರುದಿನ ಅದು ಮೂರನೇ ಪುಟದಲ್ಲಿ 'ಪತ್ರಿಕೆ ಚಿತ್ರ' ಎಂದು ಅಚ್ಚಾಯಿತು.