ಕಿರುಚುವ ಬ್ರೇಕಿಗೆ ಮುರುಗಲ ತುಪ್ಪ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಡಾಕ್ಟರಮ್ಮನ ಕಾರಿನ ಬ್ರೇಕಿಗೆ ತುಪ್ಪ ಹಚ್ಚಿದವನು ನಾನೇ. ಊಟದ ತುಪ್ಪವಲ್ಲ, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ನಾವು ಸವರುವ, ಮುರುಗಲ ಎಂಬ ಹುಳಿಹಣ್ಣಿನ ಬೀಜದ ಗಟ್ಟಿ ತುಪ್ಪ.

೧೯೬೪ರ ಜನವರಿ. ಶಿರಸಿಯ ಒಂದು ಗ್ಯಾರೇಜಿನಲ್ಲಿ ನಾನು ಮೆಕ್ಯಾನಿಕ್. ವಯಸ್ಸು ಇಪ್ಪತ್ತೆರಡು. ಹೆಸರು ಬಂದದ್ದು ಮಾತ್ರ ಅಣಕಿಸುವುದರಲ್ಲಿ. ಒಡೆಯ ಸುಬ್ರಾಯಣ್ಣನ ಕೆಮ್ಮು, ಘಟ್ಟ ಹತ್ತುವ ಬಸ್ಸಿನ ನರಳಾಟ, ಬೈಸಿಕೊಳ್ಳುವಾಗಿನ ನನ್ನದೇ ತೊದಲು, ಎಲ್ಲವೂ ಬಾಯಲ್ಲೇ ಇರುತ್ತಿದ್ದವು.

ಹೆರಿಗೆಗೆ ಹೆಸರಾದ ಡಾಕ್ಟರಮ್ಮನ ಕಾರಿಗೆ ನಾವು ನಾಲ್ಕೂ ಚಕ್ರದ ಬ್ರೇಕ್ ಡ್ರಮ್ ಮತ್ತು ಲೈನಿಂಗ್ ಬದಲಿಸಿದ್ದೆವು. ಡ್ರಮ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಡಬ್ಬಿ. ಪೆಡಲ್ ಒತ್ತಿದಾಗ ಅದರ ಒಳಮೈಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿಯೇ ಲೈನಿಂಗ್. ಹೊಸದು ಹಾಕಿದ ದಿನದಿಂದ ಅದು ಹಂದಿಯ ಕತ್ತು ಹಿಚುಕಿದಂತೆ ಕಿರುಚತೊಡಗಿತು. ಎರಡು ಸಲ ಗಾಡಿ ವಾಪಸು ಬಂತು.

"ಬಿಚ್ಚಿ, ಲೈನಿಂಗಿನ ಅಂಚು ಅರದಿಂದ ಓರೆ ಮಾಡೋ," ಎಂದು ಹೇಳಿ ಸುಬ್ರಾಯಣ್ಣ ಸಾಮಾನು ತರಲು ಹುಬ್ಬಳ್ಳಿಗೆ ಹೋದರು. ಎಂಟು ಲೈನಿಂಗು, ಹದಿನಾರು ಅಂಚು. ಎರಡು ಉಜ್ಜುವಷ್ಟರಲ್ಲಿ ನನಗೆ ಬೇಸರ ಬಂತು. ಹಿಮ್ಮಡಿಗೆಂದು ಇಟ್ಟುಕೊಂಡಿದ್ದ ತುಪ್ಪದ ಉಂಡೆ ಕಣ್ಣೆದುರಿಗೇ ಇತ್ತು. ಅಂಚುಗಳಿಗೆ ತೆಳ್ಳಗೆ ಸವರಿ ಜೋಡಿಸಿದೆ. ಪೇಟೆಯಲ್ಲಿ ಒಂದು ಸುತ್ತು ಹೊಡೆದೆ. ಸದ್ದೇ ಇಲ್ಲ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಷ್ಟರಲ್ಲಿ ಡಾಕ್ಟರಮ್ಮ ಚೀಲ ಹಿಡಿದು ಬಂದರು. ಸಿದ್ದಾಪುರದ ಕಡೆಯ ತ್ಯಾಗಲಿಯಲ್ಲಿ ಒಬ್ಬಾಕೆಗೆ ಹಿಂದಿನ ದಿನದಿಂದ ನೋವು, ಕೂಸು ಅಡ್ಡ ನಿಂತಿದೆಯಂತೆ. ಅವರ ಡ್ರೈವರಿಗೆ ಜ್ವರ. "ನೀನೇ ಹೊಡಿ, ಬೇಗ," ಎಂದರು.

ದಾರಿಯುದ್ದಕ್ಕೂ, ಬ್ರೇಕ್ ಒತ್ತಿದಾಗಲೆಲ್ಲ ಹಳೆಯ ಕಿರುಚಾಟವನ್ನು ನಾನು ಬಾಯಲ್ಲಿ ಮಾಡಿದೆ. ಅಂಥ ಗಡಿಬಿಡಿಯಲ್ಲೂ ಅವರು ನಕ್ಕರು. ಆಮೇಲೆ ಉದ್ದನೆಯ ಇಳಿಜಾರು ಬಂತು. ಪೆಡಲ್ ಒತ್ತಿದೆ. ಕಾಲಿಗೆ ಗಟ್ಟಿಯಾಗಿ ಸಿಕ್ಕಿತು, ಗಾಡಿ ನಿಲ್ಲಲಿಲ್ಲ. ಇನ್ನೂ ಜೋರಾಗಿ ತುಳಿದೆ. ವೇಗ ಹೆಚ್ಚಿತು.

"ಡಾಕ್ಟರಮ್ಮ, ಬ್ರೇಕ್ ಹಿಡೀತಾ ಇಲ್ಲೆ!"

"ಸಾಕೋ ನಿನ್ನ ಆಟ," ಎಂದು ಅವರು ಮತ್ತೆ ನಕ್ಕರು.

ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದೆ. ಅದು ಹಿಡಿಯುವುದೂ ಹಿಂದಿನ ಎರಡು ಡ್ರಮ್‌ಗಳನ್ನೇ. ಅಲ್ಲಿಗೂ ನಾನು ತುಪ್ಪ ಹಚ್ಚಿದ್ದೆ. ಎದುರಿಗೆ ತಿರುವು, ಎಡಗಡೆ ಕಣಿವೆ. ಗೇರನ್ನು ಎರಡಕ್ಕೆ ಬಡಿದು, ಬಲಗಡೆ ಗೋಡೆಯಂತೆ ನಿಂತ ಧರೆಯ ಮಣ್ಣಿಗೆ ಗಾಡಿಯ ಪಕ್ಕೆ ಉಜ್ಜಿಸುತ್ತ ಹೋದೆ. ನಿಂತಾಗ ತಿರುವಿಗೆ ಎರಡು ಮಾರು ಉಳಿದಿತ್ತು. ಕೂಗಲು ಬಾಯಿ ತೆರೆದರೆ ನನ್ನ ದನಿಯೂ ಇಲ್ಲ, ಬೇರೆಯವರದೂ ಇಲ್ಲ.

ಡಾಕ್ಟರಮ್ಮ ಇಳಿದರು. ಹಿಂದೆ ಬಂದ, ಮರದ ದಿಮ್ಮಿ ತುಂಬಿದ ನಾಟಾ ಲಾರಿಗೆ ಕೈ ಅಡ್ಡ ಮಾಡಿ, ಚೀಲ ಮೇಲಕ್ಕೆ ಕೊಟ್ಟು, ಸೀರೆ ಎತ್ತಿ ಕಟ್ಟಿ ಹತ್ತಿ ಹೋದರು. ನಾನು ರಸ್ತೆಯ ಬದಿಯಲ್ಲಿ ಕೂತೆ. ಚಕ್ರದೊಳಗಿಂದ ಸುಟ್ಟ ತುಪ್ಪದ ವಾಸನೆ. ಡ್ರಮ್ ಕಾದು, ಅಂಚಿನ ತುಪ್ಪ ಕರಗಿ ಲೈನಿಂಗ್ ತುಂಬ ಹರಡಿತ್ತು. ಅಲ್ಲಿ ತ್ಯಾಗಲಿಯಲ್ಲಿ ಏನಾಗಿರಬಹುದು ಎಂಬುದೇ ಯೋಚನೆ.

ಮರುದಿನ ಹುಬ್ಬಳ್ಳಿಯಿಂದ ಮರಳಿದ ಸುಬ್ರಾಯಣ್ಣ ಗಾಡಿಯನ್ನು ಗ್ಯಾರೇಜಿಗೆ ಎಳೆಸಿ ತಂದು, ಎದುರು ಕೂತು ಕೆಲಸ ಮಾಡಿಸಿದರು. ಎಂಟೂ ಲೈನಿಂಗ್ ಕಿತ್ತು ಹೊಸದು ಹಾಕಿದೆ, ಡ್ರಮ್‌ಗಳನ್ನು ಪೆಟ್ರೋಲಿನಿಂದ ತೊಳೆದೆ, ಹದಿನಾರೂ ಅಂಚು ಅರ ಹಾಕಿ ಓರೆ ಮಾಡಿದೆ. ಲೈನಿಂಗಿಗೆ ಜಿಡ್ಡು ತಾಗಿಸಬಾರದು. ಶಬ್ದ ಬಂದರೆ ಬಾಯಿ ಮುಚ್ಚಿಸದೆ ಕಾರಣ ಹುಡುಕಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿಸಿದ ರೀತಿ ಮಾತ್ರ ಯಾರಿಗೂ ಬೇಡ.

ಕೊನೆಯ ಚಕ್ರ ಬಿಗಿಯುವಾಗ ಡಾಕ್ಟರಮ್ಮ ಬಂದರು. ತಾಯಿ, ಕೂಸು ಇಬ್ಬರೂ ಉಳಿದಿದ್ದರು. ಅದನ್ನು ಕೇಳಿದ್ದೇ ತಡ, ನನಗೆ ಬಾಯಿ ಬಂತು.

"ಅಂದ್ರೂ ಡಾಕ್ಟರಮ್ಮ, ಕೂಗೂದು ನಿಂತಿತ್ತು ಹೌದಾ ಅಲ್ದಾ?"

ಅವರು ಚೀಲವನ್ನು ಬೆಂಚಿನ ಮೇಲಿಟ್ಟು ಸೀರೆಯ ಸೆರಗು ಸಿಕ್ಕಿಸಿಕೊಂಡರು.

"ಕೂಸು ಹುಟ್ಟಿ ಕೂಗದೇ ಹೋದ್ರೆ ಆನು ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ನಾಲ್ಕು ಬಾರಿಸ್ತೆ. ಬಾ ಇಲ್ಲಿ."