ಎದುರು ಮನೆಯ ಡಬ್ಬಿ

ಶಾಲೆಯಿಂದ ನಿವೃತ್ತನಾದ ಮೇಲೆ ಶಿಸ್ತು ಕಲಿಸಲು ನನಗೆ ಉಳಿದದ್ದು ಬನಹಟ್ಟಿಯ ನಮ್ಮ ಮನೆಯ ಅಡುಗೆಮನೆಯೊಂದೇ. ಅಲ್ಲಿ ಕಡಲೆಬೇಳೆಗೆ ಕೈ ಹಾಕಿದರೆ ತಲೆಯ ಮೇಲೆ ಶೇಂಗಾ ಡಬ್ಬಿ ಬೀಳುತ್ತಿತ್ತು.

"ಇದೇನ್ ಅಡಗಿಮನಿಯೋ, ಭಾಂಡೆ ಅಂಗಡಿಯೋ?" ಎಂದೆ ಒಂದು ದಿನ.

ಹೆಂಡತಿ ರೊಟ್ಟಿ ಬಡಿಯುತ್ತಲೇ, "ಮೊದ್ಲ ನಿಮ್ಮ ಪುಸ್ತಕದ ಕಪಾಟ ನೋಡ್ಕೋರಿ," ಎಂದಳು. ಆ ಮಾತು ತಾಗಿತು.

ಮರುದಿನ ಅವಳು ಸಾವಳಗಿಗೆ, ತನ್ನಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹೋದಳು. ಅವಳು ಓಣಿ ದಾಟಿದ್ದೇ ತಡ, ಲುಂಗಿ ಎತ್ತಿ ಕಟ್ಟಿ ಸ್ಟೂಲ್ ಏರಿದೆ. ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು, ಅವುಗಳ ನಡುವೆ ಬೇರೆಯವರ ಹೆಸರು ಕೊರೆಸಿದ ಏಳು ಸ್ಟೀಲ್ ಡಬ್ಬಿಗಳು! ನಮ್ಮ ಓಣಿಯಲ್ಲಿ ಯಾರೂ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ಎರಡು ಉಂಡಿ, ಒಂದು ಹಿಡಿ ಚಟ್ನಿಪುಡಿ, ಏನಾದರೂ ಹಾಕಿಯೇ ಕೊಡಬೇಕು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಂಡಸರಿಗೆ ಅದು ಅನ್ವಯಿಸುವುದಿಲ್ಲವೆಂದು ನಾನೇ ತೀರ್ಮಾನಿಸಿದೆ. ತೊಳೆದು, ಒರೆಸಿ, ಮನೆಮನೆಗೆ ಹಂಚಿಬಂದೆ.

ಕೊನೆಯದು ಎದುರು ಮನೆಯದು. ಮೊದಲೆಲ್ಲ ಕರೆಂಟು ಹೋಗಿ ತಮ್ಮ ಮಗ್ಗ ನಿಂತರೆ ಸಾಕು, ಆ ಮನೆಯಾಕೆ ನಮ್ಮ ಕಟ್ಟೆಯ ಮೇಲೆ ಹಾಜರು. ನನ್ನ ಹೆಂಡತಿ ಚಹಾದೊಂದಿಗೆ ಹಾಜರು. ಆಮೇಲೆ ಆಕೆ ಮಗನ ಮದುವೆಗೆ ನಮ್ಮನ್ನು ವಾಟ್ಸಾಪಿನಲ್ಲಿ ಕರೆದಳು. "ಎಂಟು ಹೆಜ್ಜಿ ದಾಟಿ ಕುಂಕುಮ ಹಚ್ಚಿ ಕರಿಯಾಕ ಆಗಲಿಲ್ಲಾ ಅಕೀಗೆ?" ಎಂದು ನನ್ನಾಕೆ ಮದುವೆಗೆ ಹೋಗಲಿಲ್ಲ. ಆರು ತಿಂಗಳಾದರೂ ಮಾತಿಲ್ಲ. ಆ ಡಬ್ಬಿಯ ಮೇಲೆ ಮಾತ್ರ ಚೂರೂ ಧೂಳಿರಲಿಲ್ಲ. ನೋಡಿದೆ, ಆದರೆ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ಎದುರು ಮನೆಯಾಕೆ ಮುಚ್ಚಳ ತೆಗೆದು ಒಳಗೆ ನೋಡಿದಳು. "ಆತ್ರಿ ಮಾಸ್ತರ್ರ," ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂಜೆ ಹೆಂಡತಿ ಬಂದಳು. ನಾನು ಹೊಗಳಿಕೆಗೆ ಕಾಯುತ್ತ ನಿಂತೆ.

"ಎದುರು ಮನಿ ಡಬ್ಬಿ ಎಲ್ಲೈತ್ರಿ?"

"ಕೊಟ್ಟು ಬಂದೆ."

"ಏನ್ ಹಾಕಿ ಕೊಟ್ರಿ?"

"ಏನಿಲ್ಲ. ಛಲೋತ್ನ್ಯಾಗ ತೊಳದು ಕೊಟ್ಟೆ."

ಅವಳು ಅಲ್ಲೇ ನೆಲಕ್ಕೆ ಕುಳಿತಳು. "ಅಯ್ಯ ಶಿವನ! ಖಾಲಿ ಡಬ್ಬಿ ಕೊಟ್ರ ಅಕೀಗೆ 'ನಿನ್ನ ಸಂಬಂಧ ಸಾಕು' ಅಂದಂಗ ಆತಲ್ರೀ. ದೀಪಾವಳಿಗೆ ಕರ್ಚಿಕಾಯಿ ತುಂಬಿ ಒಯ್ದು ಮಾತಾಡಸಬೇಕಂತ ಇಟ್ಟಿದ್ದೆ. ನನಗ ಹೋಗಾಕ ಅದೊಂದ ನೆಪ ಇತ್ತು." ಕಣ್ಣು ಒರೆಸಿಕೊಂಡಳು. ನನಗೆ ಎಲ್ಲಿಲ್ಲದ ನಾಚಿಕೆಯಾಯಿತು.

ಅಷ್ಟರಲ್ಲಿ ಎದುರು ಮನೆಯಾಕೆಯೇ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಖಾಲಿ ಡಬ್ಬಿ ಕಳಸೀಯಲ್ಲಕ್ಕಾ, ಮುಗೀತೇನ್ ನಮ್ದು?"

"ನಾ ಕಳಸಿಲ್ಲಬೇ! ನಾ ಊರಾಗ ಇರಲಿಲ್ಲ. ಎಲ್ಲಾ ಈ ಶಾಣ್ಯಾರ ಕೆಲಸ."

ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಆರು ತಿಂಗಳಲ್ಲಿ ಅವರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಆಕೆ ಸೀದಾ ಅಡುಗೆಮನೆಗೆ ಬಂದು, ನಾನು ಅಳತೆ ಹಿಡಿದು ಜೋಡಿಸಿದ್ದ ಡಬ್ಬಿಗಳ ಸಾಲನ್ನು ಮೊಣಕೈಯಿಂದ ಸರಿಸಿ, ಖಾಲಿ ಡಬ್ಬಿಯನ್ನು ಅದರ ನಡುವೆ ಇಟ್ಟಳು. "ಇಲ್ಲೇ ಇರ್ಲಿ. ನೀ ತುಂಬಿದಾಗ ಕೊಡು."

ಹೆಂಡತಿ ಚಹಾಕ್ಕೆ ನೀರಿಟ್ಟಳು. ಬೆನ್ನು ತಿರುಗಿಸಿಕೊಂಡೇ, "ನಿನ್ನ ಸೊಸೀನ್ನ ಕರಕೊಂಡು ಬಾ. ಕಿಡಕ್ಯಾಗಿಂದ ನೋಡಿ ನೋಡಿ ಸಾಕಾಗೇತಿ," ಎಂದಳು.

"ಬರ್ತಾಳ. ನೀನ ಬಂದು ಕರಿ. ಫೋನ್‌ನ್ಯಾಗ ಕರದ್ರ ನಾ ಕಳಸಾಕಿ ಅಲ್ಲ."

ಇಬ್ಬರೂ ನಕ್ಕರು. ಹೆಂಡತಿ ಸೆರಗು ಸರಿಪಡಿಸಿಕೊಂಡು, "ಕುಂಕುಮದ ಬಟ್ಟಲಾ ಎಲ್ಲಿಟ್ಟೀರಿ?" ಎಂದು ಕೇಳಿದಳು.

ಎಲ್ಲಿಟ್ಟಿದ್ದೆನೋ ನನಗೇ ನೆನಪಾಗಲಿಲ್ಲ. ಒಂದೊಂದೇ ಡಬ್ಬಿ ಕೆಳಗಿಳಿಸಿ ಮೂವರೂ ಹುಡುಕತೊಡಗಿದೆವು.