ಅವ್ವನನ್ನು ಮಾತಾಡಿಸಲು ಬಂದವರು

ನಮ್ಮ ಹೊಳೆನರಸೀಪುರದ ಕಡೆ ಯಾರಿಗಾದರೂ ಶಸ್ತ್ರಚಿಕಿತ್ಸೆಯೆಂದು ತಿಳಿದರೆ, ಅದು ನಡೆಯುವ ಮೊದಲೇ ಬಂಧುಗಳೆಲ್ಲರೂ ಹೋಗಿ ಅವರನ್ನು ‘ಮಾತಾಡಿಸಿಕೊಂಡು’ ಬರಬೇಕು. ಹೋಗದವರ ವಿಷಯ ಮುಂದಿನ ಮದುವೆಯವರೆಗೂ ಚರ್ಚೆಯಲ್ಲಿರುತ್ತದೆ. ಸುದ್ದಿಯನ್ನೇ ತಿಳಿಸದ ಮನೆಯವರ ವಿಷಯ ಇನ್ನೂ ಹೆಚ್ಚು ಕಾಲ ಬಾಳುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅವ್ವನ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದಾಗ, ಪ್ರೀತಿಯ ಈ ಪದ್ಧತಿಯೇ ಅವಳಿಗೆ ಅಡ್ಡವಾಯಿತು.

ಅವ್ವ ರವಿಕೆ ಹೊಲಿಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಹೊಲಿಗೆ ಯಂತ್ರದಿಂದ. ನಾನು ನಮ್ಮ ವಂಶದ ಮೊದಲ ಪದವೀಧರೆಯಾಗಿ ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಅಧ್ಯಾಪಕಿಯಾದದ್ದೂ ಅದರಿಂದಲೇ. ಅವಳ ಎಡಗಣ್ಣು ಬಹುಮಟ್ಟಿಗೆ ಕಾಣದಾಗಿ, ಬಲಗಣ್ಣಿಗೂ ಮಂಜು ಕವಿಯತೊಡಗಿದಾಗ, ಅವಳು ಬಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತಲೇ ಹೊಲಿದಳು. ಹೊಲಿಗೆ ಸೊಟ್ಟಗಾಗಲಿಲ್ಲ. ಆದರೆ ಬಣ್ಣ ಕೈಕೊಟ್ಟಿತು. ಹಸಿರು ರವಿಕೆಗೆ ನೀಲಿ ದಾರ ಹಾಕಿದ್ದನ್ನು ಗಿರಾಕಿಯೊಬ್ಬರು ನಯವಾಗಿ ತೋರಿಸಿದರು. ಅಂದು ಸಂಜೆ ಅವ್ವ ತಾನಾಗಿಯೇ, “ಕಣ್ಣು ತೋರ್ಸಣ ನಡಿಯೇ. ಇನ್ ಸುಮ್ಕಿದ್ರೆ ಮಿಸಿನ್ನೇ ಮುಚ್ಬೇಕಾಯ್ತದೆ” ಎಂದಳು.

ಹಾಸನದ ಕಣ್ಣಿನ ವೈದ್ಯರು ಪರೀಕ್ಷಿಸಿ, ರಕ್ತದಲ್ಲಿ ಸಕ್ಕರೆ ಹೆಚ್ಚಿದೆ, ಅದು ಇಳಿಯದೆ ಕಣ್ಣನ್ನು ಮುಟ್ಟಲಾಗದು ಎಂದರು. ಮಾತ್ರೆ ಬರೆದರು, ಮುಂದಿನ ತಿಂಗಳಿಗೆ ದಿನ ಕೊಟ್ಟರು. ಅರಕಲಗೂಡಿನಲ್ಲಿದ್ದ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಆ ದಿನವನ್ನು ಬಂಧುಬಳಗಕ್ಕೆಲ್ಲ ಮುಟ್ಟಿಸಿದರು.

ಬಂದವರು ಬರಿಗೈಯಲ್ಲಿ ಬರಲಿಲ್ಲ. ಬಾಳೆಹಣ್ಣು ತಂದರು, ಬ್ರೆಡ್ಡು ತಂದರು, ಜೊತೆಗೆ ಒಂದೊಂದು ಕಥೆಯನ್ನೂ ತಂದರು. ಹಿರೀಸಾವೆಯಿಂದ ಬಂದ ದೂರದ ಮಾವನಂತೂ ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡು, “ನೀನೇನ್ ಎದ್ರುಕಾಬ್ಯಾಡ ಕಣವ್ವ. ನಮ್ಮೂರಲ್ಲೊಬ್ಬ ಮಾಡಿಸ್ದ. ಇದ್ದಿದ್ದೂ ಓಯ್ತು. ಎಲ್ಲಾರ್ಗೂ ಅಂಗೇ ಆಯ್ತದೆ ಅಂತೇನಿಲ್ಲ” ಎಂದು ಧೈರ್ಯ ತುಂಬಿದರು. ಅವ್ವ ನಕ್ಕಳು, ಕಾಫಿ ಕೊಟ್ಟಳು. ಅವರು ಹೋದ ಮೇಲೆ ಯಂತ್ರದ ಮುಂದೆ ಕುಳಿತಳಾದರೂ ತುಳಿಯಲಿಲ್ಲ.

ಗೊತ್ತುಪಡಿಸಿದ ದಿನ ಅತ್ತೆಯೂ ನಮ್ಮೊಡನೆ ಹಾಸನಕ್ಕೆ ಬಂದರು. ರಕ್ತಪರೀಕ್ಷೆಯಲ್ಲಿ ಸಕ್ಕರೆ ಮೊದಲಿಗಿಂತ ಮೇಲೇರಿತ್ತು.

“ಸಿಹಿ ಏನಾದ್ರೂ ತಿಂದ್ರಾ ಅಮ್ಮ?” ಎಂದು ವೈದ್ಯರು ಕೇಳಿದರು.

“ನಾಲ್ಗೆಗೂ ಮುಟ್ಟಿಸಿಲ್ಲ ಸಾ.”

“ತಿಂದಿರ್ತಾಳೆ ಬುಡಿ ಸಾ,” ಎಂದರು ಅತ್ತೆ. “ಮನೆ ತುಂಬ ಬಾಳೆಅಣ್ಣು ಬಿದ್ದದೆ.”

ವೈದ್ಯರು ಅವ್ವನನ್ನೇ ನೋಡುತ್ತಾ, “ನಿದ್ದೆ ಹೇಗೆ?” ಎಂದರು.

“ಎಲ್ ನಿದ್ದೆ ಸಾ. ಕಣ್ ಮುಚ್ಚಿದ್ರೆ ಇರೀಸಾವೇಲಿ ಕಣ್ ಕಳ್ಕಂಡವ್ನ ಕಣ್ಣೇ ಕಾಣ್ತದೆ.”

ವೈದ್ಯರು ನಗಲಿಲ್ಲ. ಪೆನ್ನನ್ನು ಬದಿಗಿಟ್ಟು, ಸಿಹಿ ತಿಂದರೆ ಮಾತ್ರ ಸಕ್ಕರೆ ಏರುವುದೆಂದು ತಿಳಿಯಬಾರದು ಎಂದರು. ಮನುಷ್ಯ ಹೆದರಿದಾಗ, ಎಲ್ಲಿಗೋ ಓಡಬೇಕಾಗಿದೆಯೆಂಬಂತೆ ದೇಹ ಸಿದ್ಧವಾಗುತ್ತದೆ. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಬೇಗ ಇಳಿಯುವುದಿಲ್ಲ. ಚಿಂತೆ ದಿನಗಟ್ಟಲೆ ಮುಂದುವರಿದರೆ, ನಿದ್ದೆ ಕೆಟ್ಟರೆ, ಮಾತ್ರೆಯೂ ಸೋಲಬಹುದು ಎಂದು ವಿವರಿಸಿದರು. ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿದರು; ಅತ್ತೆ ಅದನ್ನು ಕೊಳ್ಳಲು ಹೊರಗೆ ಹೋದಾಗ ಇನ್ನೊಂದು ದಿನ ಕೊಟ್ಟರು.

ಅತ್ತೆಯನ್ನು ಅರಕಲಗೂಡಿನ ಬಸ್ಸಿಗೆ ಹತ್ತಿಸಿ, ನಾವಿಬ್ಬರೂ ನಮ್ಮ ಬಸ್ಸಿನಲ್ಲಿ ಕುಳಿತೆವು. ಊರು ದಾಟಿದ ಮೇಲೆ ಅವ್ವ, “ಯಾರ್ನೂ ಬೈಯಂಗಿಲ್ಲ ಕಣೇ. ಪ್ರೀತಿಯಿಂದ್ಲೇ ಬತ್ತಾರೆ. ಆದ್ರೆ ಬಾಳೆಅಣ್ಣಿನ ಜೊತೇಲಿ ಒಬ್ಬೊಬ್ರೂ ಕತೆ ಅಂತ ಒಂದೊಂದ್ ಎಣಾನೂ ಒತ್ಕಂಡ್ ಬತ್ತಾರೆ. ಈ ಸಲ ಯಾರ್ಗೂ ಏಳ್ಬ್ಯಾಡ” ಎಂದಳು.

ನಾನು ಅವಳ ಕಡೆ ತಿರುಗಿದೆ. “ಅತ್ತೆಗೂ ಬೇಡವಾ? ಆಮೇಲೆ ಅವರ ಮುಂದೆ ನಿಲ್ಲೋರು ಯಾರು?”

“ನಾನ್ ನಿಂತ್ಕತೀನಿ. ಕಣ್ ನಂದು ತಾನೆ?”

ನಾನು ಓದಿದವಳೆಂದು ಬಂಧುಗಳು ವೈದ್ಯರೊಡನೆ ಮಾತನಾಡಲು ನನ್ನನ್ನೇ ಮುಂದಕ್ಕೆ ತಳ್ಳುತ್ತಿದ್ದರು. ಆದರೆ ‘ಯಾರಿಗೂ ಹೇಳುವುದು ಬೇಡ’ ಎನ್ನುವ ಧೈರ್ಯ ನನ್ನಲ್ಲಿರಲಿಲ್ಲ. ಸಂಬಂಧ ಕೆಡಬಹುದೆಂಬ ಅಳುಕು ಅವ್ವನಿಗೂ ಇದ್ದಿರಲೇಬೇಕು. ಅವಳು ಅದನ್ನು ಚಿಕಿತ್ಸೆ ಮುಗಿದ ಮೇಲೆ ನೋಡಿಕೊಳ್ಳೋಣವೆಂದು ಎತ್ತಿಟ್ಟಳು. ಒಪ್ಪಿಕೊಂಡಿದ್ದ ರವಿಕೆಗಳನ್ನು ಹಗಲು ಹೊಲಿದು ಮುಗಿಸಿದಳು, ಮಾತ್ರೆ ತಪ್ಪಿಸಲಿಲ್ಲ, ಮಿತವಾಗಿ ಮುದ್ದೆ ಸೊಪ್ಪಿನ ಸಾರು ಉಂಡಳು, ಸಂಜೆ ಹೇಮಾವತಿ ಹೊಳೆಯ ಕಡೆಗೆ ನಡೆದಳು. ದಾರಿಯಲ್ಲಿ ಸಿಕ್ಕವರು ಕೇಳಿದರೆ, “ಸಕ್ಕರೆ ಇಳೀಬೇಕಂತೆ, ನೋಡಣ” ಎನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಹೊಸದಾಗಿ ಕೊಟ್ಟ ದಿನ ಹಾಸನದಲ್ಲಿ ಅವ್ವ, ರಕ್ತ ತೆಗೆಯಲು ಬಂದ ಹುಡುಗಿಯ ತೋಳನ್ನು ಸವರಿ, “ರವಿಕೆ ಬಿಗಿಯಾಗೈತಲ್ಲವ್ವ. ಒಳಗೆ ಬಟ್ಟೆ ಬುಟ್ಟವ್ರೆ, ಒಲಿಗೆ ಬಿಚ್ಚಿಸಿ ಸಡ್ಲ ಮಾಡಿಸ್ಕೋ” ಎಂದಳು. ಸೂಜಿ ಚುಚ್ಚಿದ್ದು ಅವಳಿಗೆ ತಿಳಿಯಿತೋ ಇಲ್ಲವೋ. ಫಲಿತಾಂಶ ನೋಡಿದ ವೈದ್ಯರು, “ಸಕ್ಕರೆ ಇಳಿದಿದೆ, ನಾಳೆ ಮಾಡೋಣ” ಎಂದರು. ಹೆಚ್ಚಿಸಿದ ಮಾತ್ರೆಗೂ ಇದರಲ್ಲಿ ಪಾಲಿದ್ದುದರಿಂದ ಎಲ್ಲವೂ ಸಮಾಧಾನದಿಂದಲೇ ಆಯಿತೆಂದು ನಾನು ಬರೆಯಲಾರೆ. ಆದರೆ ಆ ಸಮಾಧಾನವನ್ನು ಅವಳು ದಿನದಿನವೂ ದುಡಿದು ಪಡೆದದ್ದನ್ನು ನಾನು ಕಂಡಿದ್ದೇನೆ.

ಪೊರೆ ತೆಗೆದ ಕಣ್ಣು ಗುಣವಾಗಿ ಪ್ರಯಾಣಕ್ಕೆ ಅನುಮತಿ ಸಿಕ್ಕ ಕೂಡಲೇ ಅವ್ವ ನನ್ನನ್ನು ಕರೆದುಕೊಂಡು ಅರಕಲಗೂಡಿಗೆ ಹೊರಟಳು. ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಅತ್ತೆ ಗೋಡೆಯ ಕಡೆಗೆ ತಿರುಗಿ ಕುಳಿತಿದ್ದರು.

“ನಾನೇನ್ ಸತ್ತೋಗಿದ್ನಾ, ನಂಗೂ ಏಳ್ದೆ ಓಗಾಕೆ?”

“ಅದ್ಕೇ ನಾನೇ ಬಂದಿವ್ನಿ ಅತ್ಗೆ. ಈಗ ಮಾತಾಡ್ಸು.”

“ಮಾತಾಡಿಸಾದೇನ್ ಬಂತು, ಎಲ್ಲಾ ಮುಗಿದ್ಮ್ಯಾಲೆ?”

“ನೀನ್ ಬಂದಿದ್ರೆ ನಿನ್ ಮಕ ನೋಡಿ ಅಳ್ತಿದ್ದೆ. ಅತ್ರೆ ಸಕ್ಕರೆ ಏರ್ತಿತ್ತು. ಡಾಕ್ಟ್ರು ಅಂದಿದ್ದು ನೀನೂ ಕೇಳಿಸ್ಕಂಡ್ಯಲ್ಲ.”

“ನನ್ ನೋಡಿದ್ರೆ ಸಕ್ಕರೆ ಏರ್ತದಾ? ನಾನೇನ್ ಜಿಲೇಬಿನಾ?” ಎಂದು ಅತ್ತೆ ಸಿಟ್ಟಿನಿಂದ ಇತ್ತ ತಿರುಗಿದರು.

ಅವ್ವ ಅವರ ಮುಖವನ್ನೇ ನೋಡಿ, ಬೆರಗಿನಿಂದ, “ಅತ್ಗೆ, ನಿನ್ ಕೂದ್ಲು ಇಷ್ಟೊಂದ್ ಬೆಳ್ಳಗೆ ಯಾವಾಗಾಯ್ತು?” ಎಂದಳು.

ಅತ್ತೆ ಥಟ್ಟನೆ ಸೆರಗನ್ನು ತಲೆಯ ಮೇಲೆಳೆದುಕೊಂಡರು. ನಗು ತಡೆಯಲಾಗದೆ ನನ್ನ ಕಡೆ ತಿರುಗಿ, “ನೋಡಿದ್ಯಾ ನಿಮ್ಮವ್ವನ್ನ? ಕಣ್ ಬಂದಿದ್ದೇ ತಡ, ಮೊದ್ಲು ನನ್ ತಲೆಗೇ ಬಂದ್ಳು” ಎಂದರು.